ಡಂಗುರ ಕೇಳದವರು

ಇತಿಹಾಸದ ಮೇಷ್ಟ್ರಿಗೆ ಮಾತೆಂದರೆ ಪ್ರಾಣ. ಬೇರೆ ಮೇಷ್ಟ್ರುಗಳು ಬೆಲ್ ಯಾವಾಗ ಆದೀತು ಎಂದು ಕಾಯುತ್ತಿದ್ದರೆ ಇವರಿಗೆ ಬೆಲ್ ಆದದ್ದೇ ಗೊತ್ತಾಗುತ್ತಿರಲಿಲ್ಲ. ಮುಂದಿನ ಪಾಠದವರು ಬಾಗಿಲಲ್ಲಿ ನಿಂತು ಕೆಮ್ಮಿದ ಮೇಲೆ, 'ಇನ್ನೊಂದೇ ಮಾತು' ಎಂದು ಶುರುಮಾಡಿ ಇನ್ನೊಂದು ರಾಜ್ಯವನ್ನೇ ಕಟ್ಟಿ ಬೀಳಿಸಿ ಹೊರಗೆ ಬರುತ್ತಿದ್ದರು. ಅವರ ಪಾಠದಲ್ಲಿ ರಾಜನಿಗೆ ಒಂದು ದನಿ, ಮಂತ್ರಿಗೆ ಒಂದು ದನಿ, ಸುಂಕದವನಿಗೆ ಮೂಗಿನಲ್ಲೇ ಹೊರಡುವ ಇನ್ನೊಂದು ದನಿ. ಯಾರ ಮಾತನ್ನಾದರೂ ಸ್ವಲ್ಪ ದಿನ ಕಿವಿಗೊಟ್ಟು ಕೇಳಿದರೆ ಸಾಕು, ಅವರೇ ಎದುರು ನಿಂತಂತೆ ಮಾತಾಡಿ ತೋರಿಸುವರು. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಳ್ಳುವುದನ್ನು ಅವರು ಮಾಡಿ ತೋರಿಸಿದರೆ ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗದವರಿಲ್ಲ. ಮನೆಯಲ್ಲಿ ಹೆಂಡತಿ ಮಾತ್ರ, "ರೀ, ದೇವರು ನಿಮ್ಮ ಬಾಯಿಗೊಂದು ಸ್ವಿಚ್ ಇಟ್ಟಿದ್ರೆ ನನಗೆ ಎಷ್ಟೋ ಅನುಕೂಲ ಆಗ್ತಿತ್ತು" ಎನ್ನುತ್ತಿದ್ದರು.

ಅಂಥ ಮೇಷ್ಟ್ರ ಕೊರಳಿಗೆ ಮೈಕು ಹಾಕಿದವಳು ಮುಂದಿನ ಬೆಂಚಿನ ಹುಡುಗಿ.

ಅವಳಿಗೆ ಹುಟ್ಟಿನಿಂದಲೇ ಕಿವಿ ಮಂದ. ಎರಡೂ ಕಿವಿಗೆ ಯಂತ್ರ. ಮಾತು ತಡವಾಗಿ ಕಲಿತವಳು, ಅದನ್ನೂ ಬೇರೆಯವರ ತುಟಿ ನೋಡಿ, ಗಂಟಲ ಮೇಲೆ ಕೈಯಿಟ್ಟುಕೊಂಡು ಕಲಿತವಳು. ಹಾಗಾಗಿ ಅವಳ ಮಾತಿನಲ್ಲಿ ಕೆಲವು ಅಕ್ಷರ ನುಣುಚಿಕೊಳ್ಳುತ್ತಿದ್ದವು, ಪದದ ಕೊನೆ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಹೊಸಬರು ಒಂದು ಕ್ಷಣ ಹುಬ್ಬು ಗಂಟಿಕ್ಕಿ ನೋಡುವರು. ಆದರೆ ಹುಡುಗಿ ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳುವಳು, ಆಗಲೂ ಆಗದಿದ್ದರೆ ನಕ್ಕು ಮತ್ತೊಂದು ಸಲ.

ಅವಳು ಕಾಲೇಜಿಗೆ ಸೇರಿದಾಗ ಆಫೀಸಿನಿಂದ ಪಾಠ ಮಾಡುವವರಿಗೆಲ್ಲ ಒಂದು ಸುತ್ತೋಲೆ ಬಂದಿತ್ತು. ಅವಳಿಗೆ ಮುಂದಿನ ಬೆಂಚು ಕೊಡಿ, ಅವಳ ಕಡೆ ಮುಖ ಮಾಡಿ ಮಾತಾಡಿ, ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಹೇಳಬೇಡಿ, ಅವಳು ಕೊಡುವ ಪುಟ್ಟ ಮೈಕನ್ನು ಕೊರಳಿಗೆ ಹಾಕಿಕೊಳ್ಳಿ ಎಂದು. ಮೈಕೆಂದರೆ ಬೆಂಕಿಪೊಟ್ಟಣದಷ್ಟು. ಅದರೊಳಕ್ಕೆ ಹೋದ ಮಾತು ಗಾಳಿಯಲ್ಲಿ ಚೆದುರದೆ ನೇರವಾಗಿ ಅವಳ ಕಿವಿಯೊಳಕ್ಕೇ ಬರುತ್ತಿತ್ತು. ಸುತ್ತೋಲೆಗೆ ಸಹಿ ಎಲ್ಲರೂ ಹಾಕಿದರು, ಮೈಕು ಹಾಕಿಕೊಂಡವರು ಒಬ್ಬರೇ. "ನನ್ನ ಗಂಟಲು ಗೇಟಿನವರೆಗೂ ಕೇಳುತ್ತೆ, ನನಗ್ಯಾಕೆ ಮೈಕು" ಎಂದರು ಒಬ್ಬರು. ಅರ್ಥಶಾಸ್ತ್ರದ ಮೇಡಂ, "ಅದು ಕೊರಳಲ್ಲಿದ್ರೆ ಯಾರೋ ಕದ್ದು ಕೇಳ್ತಿದ್ದಾರೆ ಅನ್ಸುತ್ತೆ, ಪಾಠಾನೇ ಓಡಲ್ಲಮ್ಮ" ಎಂದು ನಯವಾಗಿ ಹಿಂದಕ್ಕೆ ಕೊಟ್ಟರು. ಇತಿಹಾಸದ ಮೇಷ್ಟ್ರು ಮಾತ್ರ ತಲೆ ಬಗ್ಗಿಸಿ, "ಹಾಕಮ್ಮ, ಗೂಳಿಗೆ ಗಂಟೆ ಕಟ್ಟು" ಎಂದರು. ಅಂದಿನಿಂದ ಹುಡುಗರ ಬಾಯಲ್ಲಿ ಅವರು ಗಂಟೆ ಮೇಷ್ಟ್ರಾದರು. ಅವರಿಗೂ ಆ ಹೆಸರಿನ ಮೇಲೆ ಒಳಗೊಳಗೇ ಮೋಹ.

ಮೇಷ್ಟ್ರು ಅವಳಿಗೆ 'ಪ್ರಶ್ನೆ' ಎಂದು ಹೆಸರಿಟ್ಟರು. ಯಾಕೆಂದರೆ ಪಾಠ ಮುಗಿಸಿ "ಪ್ರಶ್ನೆ?" ಎಂದು ಕೇಳಿದಾಗ ಮಿಕ್ಕವರು ಚೀಲಕ್ಕೆ ಪುಸ್ತಕ ತುಂಬುತ್ತಿದ್ದರೆ ಇವಳೊಬ್ಬಳ ಕೈ ಮೇಲೇಳುತ್ತಿತ್ತು. ಮೊದಮೊದಲು ಅವಳ ಮಾತು ಹಿಡಿಯಲು ಮೇಷ್ಟ್ರಿಗೂ ಕಷ್ಟವಾಯಿತು. ಆದರೆ ಪಟ್ಟು ಬಿಡಲಿಲ್ಲ. ಯಾವ ಅಕ್ಷರ ಎಲ್ಲಿ ತಪ್ಪಿಸಿಕೊಳ್ಳುತ್ತದೆ, ಯಾವ ಪದ ಎಲ್ಲಿ ಏರುತ್ತದೆ ಎಂದು ಗಮನವಿಟ್ಟು ಕೇಳಿದರು. ಬೋರ್ಡಿನ ಮೇಲೆ ಬರೆಯುತ್ತಲೇ ಮಾತಾಡುವುದು ಎಷ್ಟೋ ವರ್ಷದ ಚಟ, ಅದನ್ನೂ ಬಿಟ್ಟರು. ಬರೆಯುವಾಗ ಬಾಯಿ ಮುಚ್ಚುವರು, ತಿರುಗಿ ನಿಂತು ಆಮೇಲೆ ಮಾತಾಡುವರು. ಗಂಟೆ ಮೇಷ್ಟ್ರು ಬಾಯಿ ಮುಚ್ಚಿದ್ದನ್ನು ನೋಡಬೇಕಾದರೆ ಆ ತರಗತಿಗೇ ಬರಬೇಕು ಎಂದು ಹುಡುಗರು ತಮಾಷೆ ಮಾಡುತ್ತಿದ್ದರು.

ಆ ಮೈಕಿಗೊಂದು ಗುಣವಿತ್ತು. ಹಾಕಿಕೊಂಡವರು ತರಗತಿಯಿಂದ ಹೊರಗೆ ಹೋದರೂ ಅದು ತನ್ನ ಕೆಲಸ ನಿಲ್ಲಿಸುತ್ತಿರಲಿಲ್ಲ, ಗೋಡೆಯಾಚೆಯ ಸ್ಟಾಫ್ ರೂಮಿನವರೆಗೂ ಅದರ ಓಟ. ಮೊದಲ ವಾರವೇ ಮೇಷ್ಟ್ರು ಅದನ್ನು ಆರಿಸದೆ ಟೀ ಕುಡಿಯಲು ಹೋಗಿ, ತಿರುಗಿ ಬಂದಾಗ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. "ಸಾರ್, ಟೀಗೆ ಸಕ್ಕರೆ ಜಾಸ್ತಿ ಹಾಕ್ಸಿಕೊಂಡ್ರಿ. ಮನೇಲಿ ಹೇಳ್ಬೇಡಿ ಅಂತಾನೂ ಅಂದ್ರಿ." ಮೇಷ್ಟ್ರು ಕಿವಿ ಹಿಡಿದುಕೊಂಡರು. ಆಮೇಲೆ ಹೊರಗೆ ಹೋಗುವ ಮೊದಲು ಮೈಕಿನ ಹಸಿರು ದೀಪ ನೋಡಿ ಗುಂಡಿ ಒತ್ತುವುದು ರೂಢಿಯಾಯಿತು.

ಹುಡುಗಿಯ ತಾಯಿ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವಾಕೆ. ಮೈಕಿನ ಕೊಕ್ಕೆ ಸಿಕ್ಕಿ ಮೇಷ್ಟ್ರ ಶರ್ಟು ಹರಿಯಿತೆಂದು ಮಗಳಿಂದ ಕೇಳಿ ಆಕೆಗೆ ಜೀವ ಹಿಡಿಯಷ್ಟಾಯಿತು. ಮಾರನೆಯ ದಿನವೇ ಮೆತ್ತನೆಯ ನೀಲಿ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದು, ಕೊರಳಿಗೆ ಒತ್ತದಂಥ ದಾರ ಹಾಕಿ ಕಳಿಸಿದರು. ಅಂಚಿನ ಹೊಲಿಗೆ ಎಷ್ಟು ಸಣ್ಣದೆಂದರೆ ಕಣ್ಣಿಗೇ ಕಾಣದು. ಮೇಷ್ಟ್ರು ಅದನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು. ಚೀಲದೊಳಗೆ ಮೈಕು ಬೆಚ್ಚಗೆ ಕೂತಿತು. ಹಸಿರು ದೀಪವೂ ಅದರೊಳಗೇ ಕೂತಿತು.

ಒಂದು ದಿನ ಮೇಷ್ಟ್ರಿಗೆ ಅದೇ ತರಗತಿಗೆ ಎರಡು ಪಾಠ, ನಡುವೆ ಬಿಡುವು. ಅರಸನ ಅಪ್ಪಣೆ ಊರೂರಿಗೆ ಹೇಗೆ ತಲುಪುತ್ತಿತ್ತು ಎಂದು ಹೇಳುತ್ತ ಅವರೇ ಡಂಗುರದವನಾದರು. ಮೇಜು ಬಡಿದು, ಎದೆಯುಬ್ಬಿಸಿ, ಹೊಸ ಸುಂಕ ಸಾರಿದರು. ಕಟ್ಟದವರಿಗೆ ಛಡಿ ಏಟು ಎಂದರು. ತರಗತಿ ನಕ್ಕಿತು. ಮುಂದಿನ ಬೆಂಚಿನಲ್ಲಿ ಕೈ ಮೇಲೆದ್ದಿತು.

"ಸಾರ್, ಡಂಗುರ ಕೇಳಿಸದೇ ಇದ್ದೋರಿಗೆ ಯಾರು ಹೇಳ್ತಿದ್ರು?"

ಮೇಜು ಬಡಿಯಲು ಎತ್ತಿದ್ದ ಕೈಯನ್ನು ಮೇಷ್ಟ್ರು ಕೆಳಗಿಳಿಸಿದರು.

"ಅವರಿಗೆ ಸುಂಕದ ವಿಷಯಾನೇ ಗೊತ್ತಿರಲ್ವಲ್ಲ ಸಾರ್. ಆದ್ರೂ ಹೊಡೀತಿದ್ರಾ?"

ಇಷ್ಟು ವರ್ಷ ಅದೇ ಪಾಠ ಹೇಳಿದ್ದರು, ಅದೇ ಮೇಜು ಬಡಿದಿದ್ದರು. ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ, ತಮಗೂ ಹೊಳೆದಿರಲಿಲ್ಲ. "ಗೊತ್ತಿಲ್ಲ ಕಣಮ್ಮ. ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ" ಎಂದರು. "ನಿನ್ನ ಸೆಮಿನಾರಿಗೆ ಇದನ್ನೇ ಇಟ್ಕೋ. ಹುಡುಕೋಣ."

ಸೆಮಿನಾರೆಂದರೆ ಕೊನೆಯ ವರ್ಷದವರು ಒಬ್ಬೊಬ್ಬರೇ ಹೊರಗಿನ ಪರೀಕ್ಷಕರ ಮುಂದೆ ನಿಂತು ಮಾತಾಡಬೇಕಾದದ್ದು. ಅವಳು ಮಾತಾಡಬೇಕಾಗಿಲ್ಲ, ಬರೆದು ಕೊಟ್ಟರೆ ಬೇರೆ ಯಾರಾದರೂ ಓದಬಹುದು ಎಂದು ಆಫೀಸಿನವರು ರಿಯಾಯಿತಿ ಕೊಟ್ಟಿದ್ದರು. ಹುಡುಗಿ ಒಪ್ಪಿರಲಿಲ್ಲ. "ಬರೆದು ಕೊಟ್ರೆ ನಾನು ಮಾತಾಡಿದ ಹಾಗಾಗಲ್ಲ ಸಾರ್" ಎಂದಿದ್ದಳು. ಮೇಷ್ಟ್ರು ಅವಳ ಪರವಾಗಿ ವಿಭಾಗದ ಮುಖ್ಯಸ್ಥರ ಹತ್ತಿರ ಜಗಳವನ್ನೇ ಆಡಿ ಅನುಮತಿ ತಂದಿದ್ದರು. ಅವಳು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಮಾತಾಡಿ ಮಾತಾಡಿ ಅಭ್ಯಾಸ ಮಾಡುತ್ತಿದ್ದಳು. ಅವಳಿಗೆ ಆ ವರ್ಷ ಬೇಕಾಗಿದ್ದದ್ದು ಅದೊಂದೇ, ಒಂದು ಕೋಣೆ ತುಂಬ ಜನರ ಮುಂದೆ ತನ್ನ ಬಾಯಿಂದ ತನ್ನ ಮಾತು.

ಬೆಲ್ ಆಯಿತು. ಆ ಪ್ರಶ್ನೆಯ ಖುಷಿಯಲ್ಲಿ ಮೇಷ್ಟ್ರು ಚೀಲದೊಳಗಿನ ಗುಂಡಿ ಒತ್ತಲಿಲ್ಲ. ದೀಪ ಕಂಡಿದ್ದರೆ ನೆನಪಾಗುತ್ತಿತ್ತೇನೋ.

ಸ್ಟಾಫ್ ರೂಮಿನಲ್ಲಿ ಟೀ ಬಂದಿತ್ತು. ಸೆಮಿನಾರಿನ ಮಾತೇ ನಡೆದಿತ್ತು. "ಅಲ್ಲ, ನಿಮ್ಮ ಹುಡುಗಿ ಮಾತಾಡಿದ್ರೆ ಹೊರಗಿನೋರಿಗೆ ಅರ್ಥ ಆಗುತ್ತಾ?" ಎಂದು ಅರ್ಥಶಾಸ್ತ್ರದ ಮೇಡಂ ಕೇಳಿದರು.

"ಯಾಕೆ ಆಗಲ್ಲ ಮೇಡಂ? ಇವತ್ತು ಅವಳು ಏನು ಕೇಳಿದ್ಲು ಗೊತ್ತಾ?" ಎಂದು ಮೇಷ್ಟ್ರು ಕುರ್ಚಿ ಎಳೆದುಕೊಂಡರು. ಕೇಳಿದ್ದನ್ನು ಹೇಳಿದರು. ಹೇಳುವಾಗ, ರಾಜನ ಮಾತನ್ನು ರಾಜನ ದನಿಯಲ್ಲೇ ಹೇಳುವ ಅಭ್ಯಾಸದವರಲ್ಲವೇ, ಹುಡುಗಿಯ ಮಾತು ಹುಡುಗಿಯ ದನಿಯಲ್ಲೇ ಬಂದುಬಿಟ್ಟಿತು.

ಇಲ್ಲಿ ಮೇಷ್ಟ್ರನ್ನು ರಾಕ್ಷಸ ಮಾಡಿ ಹೇಳಿದರೆ ಸುಳ್ಳಾಗುತ್ತದೆ. ಹೆಮ್ಮೆಯಿಂದಲೇ ಶುರುಮಾಡಿದ್ದರು. ಆದರೆ ಅಲ್ಲಿದ್ದವರು ಪ್ರಶ್ನೆಯನ್ನು ಕೇಳಲಿಲ್ಲ, ದನಿಯನ್ನು ಕೇಳಿದರು. ಮೇಡಂ ಟೀ ಲೋಟ ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಇನ್ನೊಬ್ಬರು, "ಅಯ್ಯೋ, ಥೇಟ್ ಅವಳೇ. ಇನ್ನೊಂದ್ಸಲ ಮಾಡಿ" ಎಂದರು. ನಗು ಕಂಡರೆ ಮೇಷ್ಟ್ರಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಇನ್ನೊಂದು ಸಲ ಮಾಡಿದರು. ಪದದ ಕೊನೆಯನ್ನು ಮತ್ತಷ್ಟು ಎಳೆದರು. ಆಮೇಲೆ ಅವಳು ಪರೀಕ್ಷಕರ ಮುಂದೆ ನಿಂತಂತೆ, ಪರೀಕ್ಷಕರು ಕೈಯನ್ನು ಕಿವಿಗೆ ಅಡ್ಡ ಹಿಡಿದು ಕಕ್ಕಾಬಿಕ್ಕಿಯಾದಂತೆ ನಟಿಸಿ, ಅವಳು ಎಂದೂ ಹೇಳದ ಮಾತುಗಳನ್ನೂ ಅವಳ ದನಿಯಲ್ಲಿ ಆಡಿ ತೋರಿಸಿದರು. ಆ ಕಾಲೇಜಿನಲ್ಲಿ ಆ ಹುಡುಗಿಯ ಮಾತನ್ನು ಅಷ್ಟು ಅಕ್ಕರೆಯಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ. ಅದಕ್ಕೇ ಅಷ್ಟು ಚೆನ್ನಾಗಿ ಅಣಕಿಸಲು ಬಂತು.

ಗೋಡೆಯ ಈಚೆ, ಖಾಲಿ ತರಗತಿಯಲ್ಲಿ ಹುಡುಗಿ ಡಬ್ಬಿಯ ಮುಚ್ಚಳ ತೆಗೆದು ತುತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು.

ಬಿಡುವಾದ ಮೇಲೆ ಮೇಷ್ಟ್ರು ಎರಡನೆಯ ಪಾಠವನ್ನೂ ಜೋರಾಗಿಯೇ ಮಾಡಿದರು. ಕೊನೆಗೆ ಎಂದಿನಂತೆ ಮುಂದಿನ ಬೆಂಚಿನ ಕಡೆ ನೋಡಿ "ಪ್ರಶ್ನೆ?" ಎಂದರು. ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಏನಮ್ಮ, ಇವತ್ತಿನ ಕೋಟಾ ಮುಗೀತಾ?" ಎಂದು ನಕ್ಕರು. ಅವಳು ಎದ್ದು ಬಂದು ಅವರ ಕೊರಳಿಂದ ಚೀಲ ತೆಗೆದುಕೊಂಡಳು. ಬೆರಳು ತಣ್ಣಗಿತ್ತು.

ಮಾರನೆಯ ದಿನವೂ ಕೈ ಏಳಲಿಲ್ಲ, ಆ ವಾರವೂ ಇಲ್ಲ. ಮೈಕು ತರುವಳು, ಹಾಕುವಳು, ಪಾಠ ಕೇಳುವಳು, ಬರೆದುಕೊಳ್ಳುವಳು. ಏನಾದರೂ ಕೇಳಿದರೆ ತಲೆಯಾಡಿಸಿ ಉತ್ತರ ಕೊಡುವಳು. ಮೇಷ್ಟ್ರು ಮನೆಯಲ್ಲಿ ಹೆಂಡತಿಯ ಹತ್ತಿರ ಇದನ್ನು ಹೇಳಿಕೊಂಡರು. "ಪರೀಕ್ಷೆ ಹೆದರಿಕೆ ಇರಬೇಕು, ಇಲ್ಲ ಮೈ ಸರಿ ಇಲ್ವೇನೋ. ನೀವೊಂದು ಮಾತು ಕೇಳಿ ನೋಡಿ" ಎಂದರು ಹೆಂಡತಿ. ಕೇಳಬೇಕು ಎಂದುಕೊಂಡರು. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರೇ ಕರೆದು, "ನಿಮ್ಮ ಹುಡುಗಿ ಬಂದಿದ್ಲು. ಮಾತಾಡಲ್ವಂತೆ, ಬರೆದೇ ಕೊಡ್ತಾಳಂತೆ. ಅಷ್ಟೆಲ್ಲ ಕೂಗಾಡಿದ್ರಲ್ಲ ನೀವು" ಎಂದು ಮುಗುಳ್ನಕ್ಕರು.

ಮೇಷ್ಟ್ರಿಗೆ ಮುಖದ ಮೇಲೆ ಹೊಡೆದಂತಾಯಿತು. ಸೀದಾ ಹೋಗಿ ಹುಡುಗಿಯನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡರು.

"ಏನಮ್ಮ ಇದು? ನಿನಗೋಸ್ಕರ ನಾನು ಯಾರ್ಯಾರ ಹತ್ರ ಮಾತು ಕೇಳಿದ್ದೀನಿ ಗೊತ್ತಾ?"

"ಬೇಡ ಸಾರ್" ಎಂದಳು ಅವಳು, ತುಟಿ ಅಲ್ಲಾಡಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

"ಯಾಕೆ ಬೇಡ? ಅಷ್ಟು ಧೈರ್ಯ ಇಲ್ಲದಿದ್ರೆ ಮೊದಲೇ ಹೇಳ್ಬೇಕಿತ್ತು. ನಾಲ್ಕು ಜನದ ಮುಂದೆ ನನ್ನ ತಲೆ ತಗ್ಗಿಸಿದೆ ನೀನು."

ಹುಡುಗಿ ಅವರ ತುಟಿಗಳನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತು, ಆದರೆ ಬಾಯಿ ತೆರೆಯಲಿಲ್ಲ. ಆಗಲೂ ಮೇಷ್ಟ್ರಿಗೆ ಏನೂ ಹೊಳೆಯಲಿಲ್ಲ. ಅನ್ನುವುದನ್ನೆಲ್ಲ ಅಂದು, ಸಿಟ್ಟಿನಲ್ಲಿ ಮೆಟ್ಟಿಲಿಳಿದು ಹೋದರು.

ಅವಳ ತಾಯಿ ಬಂದದ್ದು ಅದಾದ ಮೇಲೆ. ಹೊಲಿಗೆ ಅಂಗಡಿಯಿಂದ ನೇರವಾಗಿ ಬಂದಿದ್ದರು, ಸೀರೆಯ ಮೇಲೆ ಅಲ್ಲಲ್ಲಿ ನೂಲಿನ ಎಳೆ ಅಂಟಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಮೇಷ್ಟ್ರು ಒಬ್ಬರೇ ಇದ್ದರು, ಕುರ್ಚಿ ತೋರಿಸಿದರೂ ಆಕೆ ಕೂರಲಿಲ್ಲ.

"ಸಾರ್, ನಿಮ್ಮ ಹತ್ರ ಹೇಳ್ಬಹುದು ಅಂತ ಬಂದೆ. ಅವಳು ಮನೇಲೂ ಮಾತು ಬಿಟ್ಟಿದ್ದಾಳೆ ಸಾರ್. ಏನು ಕೇಳಿದ್ರೂ ಕೈಸನ್ನೆ. ಮೊನ್ನೆ ರಾತ್ರಿ ಪಕ್ಕದಲ್ಲಿ ಬಂದು ಕೂತ್ಕೊಂಡು, ಅಮ್ಮಾ, ನಾನು ಹೀಗಾ ಮಾತಾಡೋದು ಅಂತ ಕೇಳಿದ್ಲು."

"ಹೀಗಾ ಅಂದ್ರೆ?"

"ಯಾರೋ ಅವಳನ್ನ ಅಣಕಿಸಿದ್ದಾರೆ ಸಾರ್. ಚಿಕ್ಕ ವಯಸ್ಸಲ್ಲಿ ಬೀದಿ ಮಕ್ಕಳೂ ಅಣಕಿಸ್ತಿದ್ರು, ಆದ್ರೆ ಆಗ ಇವಳಿಗೆ ಅಷ್ಟು ಕೇಳ್ತಿರಲಿಲ್ಲ. ಅವರ ಮುಖ ನೋಡಿ ಗೊತ್ತಾಗ್ತಿತ್ತು ಅಷ್ಟೆ, ದನಿ ಕೇಳ್ತಿರಲಿಲ್ಲ. ಈ ಸಲ ಚೆನ್ನಾಗಿ ಕೇಳ್ತಂತೆ. ತನ್ನ ದನಿ ಬೇರೆಯವರಿಗೆ ಹೇಗೆ ಕೇಳುತ್ತೆ ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲಮ್ಮ, ಈಗ ಗೊತ್ತಾಯ್ತು ಅಂತಾಳೆ." ಆಕೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ಯಾರು ಅಂದ್ರೆ ಹೇಳಲ್ಲ. ತರಗತೀಲಿ ಆಗ ಯಾರೂ ಇರಲಿಲ್ವಂತೆ, ಒಬ್ಬಳೇ ಊಟಕ್ಕೆ ಕೂತಿದ್ಲಂತೆ. ಕಿವಿಯೊಳಗೇ ಬಂತಂತೆ ಸಾರ್. ಜೊತೆಗೆ ಸುಮಾರು ಜನ ನಗೋದು. ನಾನು ಮಿಷನ್ನೇ ಕೆಟ್ಟಿದೆಯೇನೋ ಅಂತ ರಿಪೇರಿಯವರಿಗೆ ತೋರಿಸ್ಕೊಂಡು ಬಂದೆ. ಏನೂ ಆಗಿಲ್ಲ, ಸರಿಯಾಗೇ ಇದೆ ಅಂದ್ರು."

ಮೇಷ್ಟ್ರ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಆಗ ಚೀಲವಿರಲಿಲ್ಲ. ಟೀ ಲೋಟ, ಮೇಡಂ ಸೆರಗು, 'ಇನ್ನೊಂದ್ಸಲ ಮಾಡಿ' ಎಂಬ ಮಾತು, ಎಲ್ಲ ಒಟ್ಟಿಗೆ ಬಂದು ಕಣ್ಣೆದುರು ನಿಂತವು. ಆಕೆಗೆ ತೋರಿಸಿದ್ದ ಕುರ್ಚಿಯಲ್ಲಿ ಅವರೇ ಕೂತರು.

"ನೀವು ಸ್ವಲ್ಪ ವಿಚಾರಿಸಿ ಸಾರ್" ಎಂದರು ತಾಯಿ. "ನೀವು ಕೇಳಿದ್ರೆ ಯಾರು ಅಂತ ಹೇಳ್ತಾಳೆ. ನಿಮ್ಮನ್ನ ಕಂಡ್ರೆ ಅವಳಿಗೆ ತುಂಬ ಇಷ್ಟ."

ಆ ಕ್ಷಣ ಹೇಳಬಹುದಿತ್ತು. ಇಡೀ ಜನ್ಮ ಮಾತೇ ಉಸಿರಾಗಿದ್ದ ಮನುಷ್ಯನಿಗೆ ಒಂದೇ ಒಂದು ಮಾತು ಬೇಕಾಗಿತ್ತು, ಅದು ಬರಲಿಲ್ಲ. "ವಿಚಾರಿಸ್ತೀನಮ್ಮ" ಎಂದರು. ಆಕೆ ಕೈಮುಗಿದು, ಚಪ್ಪಲಿ ಮೆಟ್ಟಿ ಹೋದರು. ಹುಡುಗಿ ತಾಯಿಗೂ ಹೆಸರು ಹೇಳಿರಲಿಲ್ಲ. ಅಷ್ಟು ಸಣ್ಣ ಹೊಲಿಗೆ ಹಾಕಿ ಚೀಲ ಮಾಡಿದ ತಾಯಿಗೆ ಅವಳು ಹೇಗೆ ಹೇಳಿಯಾಳು?

ಆ ರಾತ್ರಿ ಮೇಷ್ಟ್ರು ಊಟದ ತಟ್ಟೆಯ ಮುಂದೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಹೆಂಡತಿ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನಾಳೆ ಹೋಗಿ ಅವಳ ಮುಖ ನೋಡಿ ಹೇಳಿ. ಬೇರೆ ದಾರಿ ಇಲ್ಲ" ಎಂದು ತಟ್ಟೆ ಎತ್ತಿಕೊಂಡು ಹೋದರು.

ನಾಳೆ ಎನ್ನುವುದು ಬರುತ್ತಿತ್ತು, ಹೋಗುತ್ತಿತ್ತು. ಹುಡುಗಿ ಮೈಕು ಹಾಕಲು ಹತ್ತಿರ ಬಂದಾಗೆಲ್ಲ ಮೇಷ್ಟ್ರು ಹಾಜರಿ ಪುಸ್ತಕ ತೆರೆಯುವರು. ಪಾಠದಲ್ಲಿ ರಾಜರೂ ಮಂತ್ರಿಗಳೂ ಈಗ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಯಾರೋ "ಪ್ರಿನ್ಸಿಪಾಲರದ್ದು ಮಾಡಿ ಸಾರ್" ಎಂದರೆ ಎದ್ದು ಹೊರಗೆ ಹೋದರು. ಗಂಟೆ ಮೇಷ್ಟ್ರಿಗೆ ವಯಸ್ಸಾಯಿತು ಎಂದರು ಹುಡುಗರು.

ಸೆಮಿನಾರು ಹತ್ತಿರ ಬಂತು. ಹುಡುಗಿಯ ಬರಹವನ್ನು ಓದುವವರು ಯಾರು ಎಂದು ಮುಖ್ಯಸ್ಥರು ಅವಳನ್ನು ಕೇಳಿದರು. ಅವಳು ಮೇಷ್ಟ್ರ ಕಡೆ ಬೆರಳು ತೋರಿಸಿದಳು.

ಇದು ಶಿಕ್ಷೆಯೋ, ಕ್ಷಮೆಯೋ ಮೇಷ್ಟ್ರಿಗೆ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ, ಅವಳ ಎದುರು ನಿಂತು, "ನಾನೇ ಯಾಕಮ್ಮ? ನಿನ್ನ ಗೆಳತಿಯರು ಯಾರಾದ್ರೂ ಓದ್ಬಹುದಲ್ಲ" ಎಂದರು.

ಎಷ್ಟೋ ದಿನದ ಮೇಲೆ ಹುಡುಗಿಯ ದನಿ ಬಂತು, ಪದಗಳನ್ನು ಒಂದೊಂದಾಗಿ ಪರೀಕ್ಷಿಸಿ ಹೊರಗೆ ಬಿಟ್ಟಂತೆ.

"ಯಾರು ಓದಿದ್ರೂ ನನಗೂ ಕೇಳ್ಬೇಕಲ್ಲ ಸಾರ್. ಮೈಕು ನೀವು ಮಾತ್ರ ಹಾಕ್ಕೊಳ್ತೀರ."

ಅಷ್ಟೇ. ಅದರಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಸ್ವಾತಂತ್ರ್ಯವೂ ಆ ಮಗುವಿಗೆ ಇಲ್ಲವಲ್ಲ ಎಂದು ಮೇಷ್ಟ್ರಿಗೆ ಆಗ ಅರ್ಥವಾಯಿತು. ಯಾರ ಬಾಯಿಂದ ಆ ನೋವಾಯಿತೋ ಅದೇ ಬಾಯಿಂದ ಪಾಠವೂ ಬರಬೇಕು. ಮುನಿಸಿಕೊಂಡು ಮೈಕು ಕೊಡದಿದ್ದರೆ ನಷ್ಟ ಅವಳಿಗೇ.

ಸೆಮಿನಾರಿನ ದಿನ ಅವರು ಓದಿದರು. ಅವಳ ಬರಹ ಸಣ್ಣದಾಗಿತ್ತು, ಚೊಕ್ಕವಾಗಿತ್ತು. ಡಂಗುರ ಕೇಳದವರ ಬಗ್ಗೆ ಯಾವ ದಾಖಲೆಯಲ್ಲೂ ಒಂದು ಸಾಲೂ ಸಿಗಲಿಲ್ಲ ಎಂದು ಅವಳು ಮೊದಲಲ್ಲೇ ಬರೆದಿದ್ದಳು. ಸಿಗದಿರುವುದರಿಂದ ಅವರು ಇರಲಿಲ್ಲ ಎಂದಾಗುವುದಿಲ್ಲ, ಪಕ್ಕದ ಮನೆಯವರು ಕೈಸನ್ನೆ ಮಾಡಿ ಹೇಳಿರಬಹುದು, ಹೇಳುವವರಿಲ್ಲದ ಕೆಲವರು ಯಾಕೆಂದು ತಿಳಿಯದೆ ಏಟು ತಿಂದಿರಬಹುದು ಎಂದು ಮುಂದೆ ಬರೆದಿದ್ದಳು. ಮೇಷ್ಟ್ರು ಏರಿಳಿತವಿಲ್ಲದೆ, ಯಾರ ದನಿಯನ್ನೂ ತಾರದೆ ಓದಿ ಮುಗಿಸಿದರು. ಹುಡುಗಿ ಮುಂದಿನ ಬೆಂಚಿನಲ್ಲಿ ತನ್ನ ಮಾತನ್ನು ಬೇರೆಯವರ ಬಾಯಲ್ಲಿ ಕೇಳುತ್ತ ಕೂತಿದ್ದಳು. ಒಂದೆರಡು ಕಡೆ ಅವಳ ತುಟಿ ಸದ್ದಿಲ್ಲದೆ ಆಡಿದ್ದು ಕಂಡಿತು. ತಾನೇ ಎದ್ದು ನಿಂತು ಹೇಳಬೇಕೆಂದಿದ್ದ ಸಾಲುಗಳಿರಬೇಕು.

ಎಲ್ಲರೂ ಚಪ್ಪಾಳೆ ತಟ್ಟಿದರು. ಪರೀಕ್ಷಕರು ಹುಡುಗಿಗೆ ಒಳ್ಳೆಯ ಅಂಕವನ್ನೇ ಹಾಕಿದರು. ಎದ್ದು ಬಂದು ಕೈಕುಲುಕಿದ್ದು ಮಾತ್ರ ಮೇಷ್ಟ್ರಿಗೆ. "ಎಷ್ಟು ಚೆನ್ನಾಗಿ ಓದಿದ್ರಿ ಸಾರ್" ಎಂದರು.

ಆ ಮಾತು ಕೇಳಿ ಮೇಷ್ಟ್ರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಿಡುವಿನ ಬೆಲ್ ಆಯಿತು, ಜನ ಹೊರಗೆ ಹೊರಟರು. ಮೇಷ್ಟ್ರು ಚೀಲವನ್ನು ಕೊರಳಲ್ಲಿ ಹಾಗೇ ಬಿಟ್ಟುಕೊಂಡು ಸ್ಟಾಫ್ ರೂಮಿಗೆ ಬಂದು ಬಾಗಿಲು ಹಾಕಿದರು. ಒಳಗೆ ಯಾರೂ ಇರಲಿಲ್ಲ. ಅದೇ ಕುರ್ಚಿ. ಚೀಲದಿಂದ ಮೈಕು ಹೊರತೆಗೆದರು. ಹಸಿರು ದೀಪ ಉರಿಯುತ್ತಿತ್ತು. ಎದುರು ನಿಂತು ಹೇಳಲಾಗದ್ದನ್ನು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೇಳಿದರು.

"ಪ್ರಶ್ನೆ, ನಾನಮ್ಮ. ಅವತ್ತು ಇಲ್ಲೇ ಕೂತು ನಿನ್ನನ್ನ ಅಣಕಿಸಿದ್ದು ನಾನು. ನಿನಗೆ ಗೊತ್ತು ಅಂತ ನನಗೆ ಗೊತ್ತು. ನಿನ್ನ ಪ್ರಶ್ನೆ ಅಷ್ಟು ದೊಡ್ಡದಿತ್ತು, ಅದನ್ನ ಇವರಿಗೆ ಹೇಳೋಣ ಅಂತ ಬಂದೆ, ಇವರು ನಕ್ಕರು, ನಾನೂ ಹಾಳಾಗಿ ಹೋದೆ. ಆಮೇಲೆ ನಿನ್ನನ್ನೇ ಬೈದೆ, ಧೈರ್ಯ ಇಲ್ಲ ಅಂದೆ. ಧೈರ್ಯ ಇಲ್ಲದೋನು ನಾನು. ನಿಮ್ಮಮ್ಮ ಬಂದು ಕೇಳಿದಾಗಲೂ ಬಾಯಿ ಬಿಡಲಿಲ್ಲ. ನೀನು ಮಾತು ಬಿಡಬೇಡಮ್ಮ. ನಿನ್ನ ದನಿಯಲ್ಲಿ ಏನೂ ತಪ್ಪಿಲ್ಲ. ತಪ್ಪೆಲ್ಲ ನನ್ನದು." ಇನ್ನೂ ಏನೇನೋ ಹೇಳಿದರು. ಅತ್ತರು. ಮೂಗೊರೆಸಿಕೊಂಡು, ಎದೆಯ ಮೇಲಿನ ಬಂಡೆ ಸ್ವಲ್ಪ ಸರಿದಂತಾಗಿ ತರಗತಿಗೆ ಬಂದರು.

ಹುಡುಗಿ ಒಬ್ಬಳೇ ಡಬ್ಬಿಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆ, ಅದರೊಳಗೆ ಅವಳ ಎರಡೂ ಕಿವಿಯ ಯಂತ್ರಗಳು ಮಲಗಿದ್ದವು. ಮೇಷ್ಟ್ರನ್ನು ಕಂಡವಳೇ ಕೈ ಒರೆಸಿಕೊಂಡು ಅವನ್ನು ಕಿವಿಗೆ ಹಾಕಿಕೊಂಡಳು. ಅವರ ಕೆಂಪು ಕಣ್ಣು ನೋಡಿದಳು, ಕೈಯಲ್ಲಿದ್ದ ಮೈಕಿನ ಹಸಿರು ದೀಪ ನೋಡಿದಳು.

"ಏನಾದ್ರೂ ಹೇಳಿದ್ರಾ ಸಾರ್?" ಎಂದಳು. "ಈಗೆಲ್ಲ ಬೆಲ್ ಆದ ತಕ್ಷಣ ತೆಗೆದಿಡ್ತೀನಿ. ಆಮೇಲೆ ನೀವು ಆಡೋ ಮಾತು ನನಗಲ್ಲ ಅಲ್ವಾ."

ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು. ಆಡಿದ್ದೆಲ್ಲ ಗೋಡೆಗೆ ಆಡಿದಂತಾಗಿತ್ತು. ಆದರೆ ಈ ಸಲ ಅವರು ಓಡಿಹೋಗಲಿಲ್ಲ, ಅಷ್ಟು ಮಾತ್ರ ಅವರ ಪರವಾಗಿ ಹೇಳಬೇಕು. ಹತ್ತಿರ ಬಂದು, ಅವಳ ಕಡೆ ಮುಖ ಮಾಡಿ, ತುಟಿ ಸ್ಪಷ್ಟವಾಗಿ ಕಾಣುವಂತೆ, "ನನ್ನಿಂದ ತಪ್ಪಾಯ್ತಮ್ಮ. ಅವತ್ತು ನಿನ್ನನ್ನ ಅಣಕಿಸಿದ್ದು ತಪ್ಪಾಯ್ತು" ಎಂದರು. ಸ್ಟಾಫ್ ರೂಮಿನಲ್ಲಿ ಹೇಳಿದ್ದ ಮಿಕ್ಕ ಮಾತು ಒಂದೂ ನೆನಪಿಗೆ ಬರಲಿಲ್ಲ.

ಹುಡುಗಿ ಅವರನ್ನು ನೋಡಿದಳು. ಕೆನ್ನೆಯ ಮೇಲೆ ಇಳಿದದ್ದನ್ನು ಮುಂಗೈಯಿಂದ ಒರೆಸಿಕೊಂಡಳು. ಬಿಡಿ ಸಾರ್ ಎನ್ನುವಂತೆ ಕೈಯಾಡಿಸಿ ತಲೆಯಲ್ಲಾಡಿಸಿದಳು, ನಗಲೂ ನೋಡಿದಳು. ಎಲ್ಲವನ್ನೂ ಸನ್ನೆಯಲ್ಲೇ ಮುಗಿಸಿದಳು.

ಪರೀಕ್ಷೆಗೆ ಮೊದಲು ಇನ್ನು ಕೆಲವೇ ಪಾಠಗಳಿದ್ದವು. ಕೊನೆಯ ಪಾಠದ ದಿನ ಮೇಷ್ಟ್ರು ಬೆಲ್‌ಗೆ ಮೊದಲೇ ಪುಸ್ತಕ ಮಡಿಚಿಟ್ಟರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಂಥದ್ದು ಎಂದೂ ಆಗಿರಲಿಲ್ಲ. ಮೇಷ್ಟ್ರು ಮುಂದಿನ ಬೆಂಚಿನ ಕಡೆ ತಿರುಗಿ "ಪ್ರಶ್ನೆ?" ಎಂದರು. ಎಂದವರು ಸುಮ್ಮನೆ ನಿಂತು ಕಾದರು. ಅವಳ ಕಣ್ಣಲ್ಲಿ ಏನೋ ಇತ್ತು, ಕೇಳಬೇಕಾದದ್ದೇ ಇತ್ತು, ಬೆರಳುಗಳು ಬೆಂಚಿನ ಮೇಲಿಂದ ಒಂದಿಷ್ಟು ಎದ್ದವು ಕೂಡ.

ಬೆಲ್ ಆಯಿತು. ಬೆರಳುಗಳು ಕೆಳಗಿಳಿದವು. ಹುಡುಗಿ ಎದ್ದು ಬಂದು ಮೇಷ್ಟ್ರ ಕೊರಳಿಂದ ನೀಲಿ ಚೀಲ ತೆಗೆದುಕೊಂಡು, ಗುಂಡಿ ತಾನೇ ಒತ್ತಿ, ತನ್ನ ಜಾಗಕ್ಕೆ ಹೋಗಿ ಕೂತಳು. ಆಮೇಲೆ ಎರಡೂ ಕಿವಿಯ ಯಂತ್ರ ಬಿಚ್ಚಿ ಪೆಟ್ಟಿಗೆ ಮುಚ್ಚಿದಳು.